ಕಪಾಟಿನ ಲೆಕ್ಕ: ಕೊಂಡ ವಸ್ತುಗಳಲ್ಲಿ ನಮ್ಮನ್ನು ಓದಿಕೊಳ್ಳುವ ಕ್ರಮ

ಕೊಂಡ ವಸ್ತುಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಲೆಕ್ಕ ಹಾಕುವಾಗ ಇಡೀ ಮನೆಯನ್ನು ಒಮ್ಮೆಗೇ ಕೈಗೆತ್ತಿಕೊಳ್ಳಬೇಡಿ. ಒಂದು ಕಪಾಟು ಸಾಕು, ಅದೂ ಹವ್ಯಾಸದ ಸಾಮಾನಿರುವ ಕಪಾಟು. ನಾನು ಪ್ರತಿ ಸಲ ಅಲ್ಲಿಂದಲೇ ಶುರು ಮಾಡುತ್ತೇನೆ. ನಾವು ಏನಾಗಿದ್ದೇವೆ, ಏನಾಗಬೇಕೆಂದಿದ್ದೆವು ಎಂಬ ಎರಡೂ ಅಲ್ಲಿ ಒಟ್ಟಿಗೆ ಸಿಗುತ್ತವೆ.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಹಾಕುತ್ತೇನೆ: ವಸ್ತು, ಕೊನೆಯ ಸಲ ಬಳಸಿದ ತಿಂಗಳು, ಕೊಳ್ಳಲು ಕಾರಣ, ಯಾರೂ ನೋಡದಿದ್ದರೂ ಬೇಕೇ. ಮೂರನೆಯದೇ ಕಷ್ಟ. ‘ಚೆನ್ನಾಗಿತ್ತು’, ‘ಕಡಿಮೆಗೆ ಸಿಕ್ಕಿತು’ ಎಂದು ಬರೆದರೆ ಲೆಕ್ಕ ಕೆಟ್ಟಂತೆ. ‘ನಾನು ಇಂಥವನು’ ಎಂಬ ವಾಕ್ಯವೇ ಬರಬೇಕು. ಟ್ರೈಪಾಡ್ ಎದುರು ‘ನಾನು ನಸುಕಿನಲ್ಲೆದ್ದು ಹಕ್ಕಿಗಳ ಫೋಟೊ ತೆಗೆಯುವವನು’ ಎಂದು ಬರೆದ ಮೇಲೂ ಬಳಸಿದ ತಿಂಗಳು ನೆನಪಾಗದಿದ್ದರೆ, ಹಣ ಹೋದದ್ದು ಆ ವಾಕ್ಯಕ್ಕೆ.

ಅನುಮಾನವಿದ್ದರೆ ವಸ್ತುವನ್ನೇ ತಿರುಗಿಸಿ ನೋಡಿ. ಬಳಸಿದ ಟ್ರೈಪಾಡಿನ ಲಾಕ್ ಸಂದಿಯಲ್ಲಿ ಮಣ್ಣು ಕೂತಿರುತ್ತದೆ, ಕಾಲಿನ ರಬ್ಬರ್ ಸವೆದಿರುತ್ತದೆ. ಬಳಸದ್ದರ ಮೇಲೆ ಧೂಳು ಮಾತ್ರ.

ಮನಶ್ಶಾಸ್ತ್ರಜ್ಞರಾದ ವಿಕ್‌ಲಂಡ್ ಮತ್ತು ಗೋಲ್‌ವಿಟ್ಸರ್ 1982ರಲ್ಲಿ ಇದನ್ನು ವಿವರಿಸಿದರು: ತಾನು ಬಯಸಿದ ಗುರುತಿನಲ್ಲಿ ಕೊರತೆ ಕಂಡಾಗ ಮನುಷ್ಯ ಆ ಗುರುತಿನ ಚಿಹ್ನೆಗಳಿಂದ, ಇಲ್ಲಿ ಕೊಂಡ ಸಾಮಾನಿನಿಂದ, ಕೊರತೆಯನ್ನು ತುಂಬಿಕೊಳ್ಳಲು ನೋಡುತ್ತಾನೆ. ಕೊಂಡ ದಿನದ ಖುಷಿ ಅಭ್ಯಾಸದ ಜಾಗದಲ್ಲಿ ಬಂದು ಕೂರುವುದೇ ಇದರ ಅಪಾಯ. ಆದ್ದರಿಂದ ಹೊಸ ಹವ್ಯಾಸಕ್ಕೆ ನನ್ನದು ಒಂದೇ ನಿಯಮ: ಮೊದಲು ಎರವಲು ಅಥವಾ ಬಾಡಿಗೆ ಸಾಮಾನಿನಲ್ಲಿ ಹತ್ತು ಸಲ ಕೆಲಸ ಮಾಡಿ, ಆಮೇಲೆ ಖರೀದಿ. ಅಷ್ಟರೊಳಗೆ ಯಾವ ಅಳತೆ, ಯಾವ ತೂಕ ಬೇಕೆಂದು ಕೈಗೇ ಗೊತ್ತಾಗಿರುತ್ತದೆ.

ಖರೀದಿಗೆ ಮುನ್ನ ಇನ್ನೊಂದು ಪಟ್ಟಿ ಬೇಕು: ಈ ವಸ್ತು ತನ್ನ ಹಿಂದೆ ಏನೇನನ್ನು ಎಳೆದು ತರುತ್ತದೆ? ಫ್ರೆಂಚ್ ಚಿಂತಕ ದಿದೆರೊ 1769ರಲ್ಲೇ ಇದನ್ನು ಬರೆದಿದ್ದ. ಹೊಸ ನಿಲುವಂಗಿ ಬಂದ ಮೇಲೆ ಅವನ ಕೋಣೆಯ ಉಳಿದ ಸಾಮಾನೆಲ್ಲ ಹಳೆಯದಾಗಿ ಕಂಡು, ಒಂದೊಂದಾಗಿ ಬದಲಾದವು. ಕ್ಯಾಮೆರಾಗೆ ಲೆನ್ಸ್, ಲೆನ್ಸಿಗೆ ಫಿಲ್ಟರ್, ಎಲ್ಲಕ್ಕೂ ಚೀಲ. ಪಟ್ಟಿಯ ಒಟ್ಟು ಮೊತ್ತವೇ ನಿಜವಾದ ಬೆಲೆ. ಅದನ್ನು ಬರೆದಿಟ್ಟು 30 ದಿನ ಕಾಯುತ್ತೇನೆ.

ವಸ್ತುವನ್ನು ಬಿಟ್ಟುಕೊಡುವಾಗ ತೊಡಕು ಬೇರೆ. ಕೈಯಲ್ಲಿರುವ ವಸ್ತುವಿಗೆ ನಾವು ಹೆಚ್ಚು ಬೆಲೆ ಕಟ್ಟುತ್ತೇವೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪುಕ್ಕಟೆಯಾಗಿ ಮಗ್ ಸಿಕ್ಕವರು ಅದನ್ನು ಮಾರಲು ಕೇಳಿದ ಬೆಲೆ ಕೊಳ್ಳುವವರು ಕೊಡಲೊಪ್ಪಿದ ಬೆಲೆಯ ಸುಮಾರು ಎರಡರಷ್ಟಿತ್ತು. ಹಾಗಾಗಿ ‘ಇದನ್ನು ಬಿಡಲೇ?’ ಎಂದು ಕೇಳಿಕೊಳ್ಳಬೇಡಿ. ‘ಇದು ನನ್ನ ಬಳಿ ಇಲ್ಲದಿದ್ದರೆ ಇವತ್ತು ಎಷ್ಟು ಕೊಟ್ಟು ಕೊಳ್ಳುತ್ತಿದ್ದೆ?’ ಎಂದು ಕೇಳಿಕೊಳ್ಳಿ.

ತೀರಿಹೋದವರ ವಸ್ತು, ಮಕ್ಕಳ ಮೊದಲ ಬಟ್ಟೆ ಇಂಥವನ್ನು ಈ ಕಲಂಗಳಿಗೆ ಹಾಕಲೇಬೇಡಿ. ವಸ್ತುಗಳು ನಮ್ಮ ‘ನಾನು’ವಿನ ಭಾಗವೇ ಆಗುತ್ತವೆ ಎಂದು ಗ್ರಾಹಕರ ವರ್ತನೆಯ ಸಂಶೋಧಕ ರಸೆಲ್ ಬೆಲ್ಕ್ 1988ರಲ್ಲಿ ವಾದಿಸಿದ್ದರು, ಇವುಗಳ ವಿಷಯದಲ್ಲಂತೂ ಅದು ಅಕ್ಷರಶಃ ನಿಜ, ಬಳಕೆಯಿಂದ ಇವನ್ನು ಅಳೆಯುವುದು ಕ್ರೂರ.

ಉಳಿದವುಗಳಲ್ಲಿ ಬೇಡವೆನಿಸಿದ್ದು ಪೆಟ್ಟಿಗೆಗೆ. ಮುಚ್ಚಳದ ಮೇಲೆ ತಾರೀಖು ಬರೆದು ಮೂರು ತಿಂಗಳು ಇಡಿ. ಒಂದೇ ದಿನ ಎಲ್ಲವನ್ನೂ ಕೊಟ್ಟುಬಿಟ್ಟರೆ ಖಾಲಿ ಜಾಗ ತಡೆಯಲಾಗದೆ ಅದನ್ನೇ ಮತ್ತೆ ಕೊಳ್ಳುವವರು ಬಹಳ. ನಡುವೆ ಏನಾದರೂ ಬೇಕಾದರೆ ಅದೊಂದನ್ನು ಮಾತ್ರ ಹೊರತೆಗೆದು, ಎರಡನೇ ಕಲಂನಲ್ಲಿ ಆ ತಿಂಗಳನ್ನು ಬರೆಯಿರಿ.