ಮೀನಿನ ತೊಟ್ಟಿಯಲ್ಲಿ ಆಲ್ಫಾ ಕಣದ ಜಾಡು

ಮೊದಲ ಎರಡು ಸಲ ಏನೂ ಕಾಣಲಿಲ್ಲ. ಮೂರನೇ ಸಲ, ರಾತ್ರಿ ಒಂಬತ್ತೂವರೆ ಹೊತ್ತಿಗೆ, ಗಾಜಿಗೆ ಮೂಗು ಒತ್ತಿಕೊಂಡು ಕೂತಿದ್ದ ಮಗಳು "ಅಪ್ಪಾ, ಗೆರೆ!" ಅಂತ ಕೂಗಿದಳು. ನಾನು ಬಗ್ಗಿ ನೋಡುವಷ್ಟರಲ್ಲಿ ಅದು ಕರಗಿತ್ತು. ಮರುಕ್ಷಣವೇ ಇನ್ನೊಂದು ಬಂತು. ದಪ್ಪಗೆ, ನೆಟ್ಟಗೆ, ಮೂರು ನಾಲ್ಕು ಸೆಂಟಿಮೀಟರ್ ಉದ್ದ, ಹತ್ತಿಯ ಬತ್ತಿ ಎಳೆದಿಟ್ಟ ಹಾಗೆ.

ಇದು ಕ್ಲೌಡ್ ಚೇಂಬರ್, ಕಣ್ಣಿಗೆ ಕಾಣದ ಕಣಗಳ ಜಾಡನ್ನು ಆವಿಯಲ್ಲಿ ತೋರಿಸುವ ಡಬ್ಬಿ. ಮಾಡಿದ್ದು ಹೀಗೆ. ಚಿಕ್ಕ ಮೀನಿನ ತೊಟ್ಟಿಯನ್ನು ಬೋರಲು ಹಾಕಿ, ಒಳಗೆ ಮೇಲ್ಭಾಗಕ್ಕೆ ಆಲ್ಕೋಹಾಲ್‌ನಲ್ಲಿ ನೆನೆಸಿದ ಫೆಲ್ಟ್ ಬಟ್ಟೆ ಹಿಡಿಸಿದೆ. ಗೋಂದು ಆಲ್ಕೋಹಾಲ್‌ಗೆ ಬಿಟ್ಟುಕೊಂಡಿತು, ಹಾಗಾಗಿ ಗಾಜಿನ ಎರಡೂ ಬದಿ ಮ್ಯಾಗ್ನೆಟ್ ಇಟ್ಟೆ. ಕೆಳಗೆ ಕಪ್ಪು ಬಣ್ಣ ಬಳಿದ ಅಲ್ಯೂಮಿನಿಯಂ ತಗಡು, ಅದರಡಿ ಥರ್ಮಾಕೋಲ್ ಡಬ್ಬಿಯಲ್ಲಿ ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್), ಮೈನಸ್ 78 ಡಿಗ್ರಿ. ಮೇಲಿನಿಂದ ಇಳಿಯುವ ಆವಿ ತಗಡಿನ ಹತ್ತಿರ ಬರುವಾಗ ವಿಪರೀತ ತಣ್ಣಗಾಗಿರುತ್ತದೆ, ಹನಿಯಾಗಬೇಕು, ಆದರೆ ಕೂರಲು ಏನಾದರೂ ಬೇಕು. ಆಲ್ಫಾ ಕಣ, ಅಂದರೆ ಥೋರಿಯಂನಂಥ ವಿಕಿರಣ ಧಾತು ಉಗುಳುವ ಪುಟ್ಟ ಕಣ, ಹಾದುಹೋದರೆ ಒಂದೊಂದು ಸೆಂಟಿಮೀಟರಿಗೂ ಹತ್ತಾರು ಸಾವಿರ ಅಯಾನು (ವಿದ್ಯುದಾವೇಶ ಪಡೆದ ಅಣು) ಬಿಟ್ಟು ಹೋಗುತ್ತದೆ. ಹನಿಗಳು ಅವುಗಳ ಮೇಲೆ ಕೂರುತ್ತವೆ. ನಮಗೆ ಕಾಣುವುದು ಕಣ ಅಲ್ಲ, ಅದು ನಡೆದ ದಾರಿ.

ಮೊದಲ ಸಲ ತಪ್ಪಾಗಿದ್ದು ಆಲ್ಕೋಹಾಲ್‌ನಲ್ಲಿ. ಕೈಗೆ ಹಚ್ಚುವ 70% ದ್ರವದಲ್ಲಿ ನೀರು ಜಾಸ್ತಿ, 99% ಐಸೊಪ್ರೊಪೈಲೇ ಬೇಕು. ಎರಡನೇ ಸಲ ಅಂಚಿನಿಂದ ಗಾಳಿ ನುಗ್ಗುತ್ತಿತ್ತು, ಜೊತೆಗೆ ಟಾರ್ಚನ್ನು ಮೇಲಿನಿಂದ ಬಿಟ್ಟಿದ್ದೆ. ಬೆಳಕು ಪಕ್ಕದಿಂದ, ತಗಡನ್ನು ಸವರಿಕೊಂಡು ಹೋಗಬೇಕು. ಗೆರೆ ಬರುವುದೇ ತಳದ ಒಂದೆರಡು ಸೆಂಟಿಮೀಟರ್ ಪದರದಲ್ಲಿ, ಅಲ್ವಾ. ಅಂಚಿಗೆ ಜೇಡಿಮಣ್ಣು ಮೆತ್ತಿ ಹದಿನೈದು ನಿಮಿಷ ಸುಮ್ನೆ ಕಾಯಬೇಕು. ಕಿಟಕಿ ತೆಗೆದಿರಲಿ, ಬೆಂಕಿ ಹತ್ತಿರ ಬೇಡ, ಡ್ರೈ ಐಸನ್ನು ಬರಿಗೈಲಿ ಮುಟ್ಟಬೇಡಿ.

ಆಲ್ಫಾ ಕಣಕ್ಕೆ ವೆಲ್ಡಿಂಗ್ ಸಾಮಾನಿನ ಅಂಗಡಿಯಿಂದ ಕೆಂಪು ತುದಿಯ ಟಂಗ್‌ಸ್ಟನ್ ಕಡ್ಡಿ ತಂದೆ, ಅದರಲ್ಲಿ ಸುಮಾರು 2% ಥೋರಿಯಂ ಇರುತ್ತದೆ. ಅದನ್ನು ಉಜ್ಜಿ ಪುಡಿ ಮಾಡಲೇಬೇಡಿ.

ಕ್ಲೌಡ್ ಚೇಂಬರ್ ಕಂಡುಹಿಡಿದ ವಿಜ್ಞಾನಿ ಚಾರ್ಲ್ಸ್ ವಿಲ್ಸನ್‌ಗೆ ಮೊದಲು ಕಣದ ಗೆರೆ ಹಿಡಿಯುವ ಯೋಚನೆಯೇ ಇರಲಿಲ್ಲ. 1894ರಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ಮೇಲೆ, ಬಿಸಿಲು ಬಿದ್ದ ಮೋಡದಲ್ಲಿ ಬಣ್ಣದ ಬಳೆಗಳನ್ನು ಕಂಡರು. ಅವನ್ನೇ ಗಾಜಿನೊಳಗೆ ಮಾಡಿ ನೋಡಲು 1895ರಲ್ಲಿ ಕೇಂಬ್ರಿಜ್‌ನಲ್ಲಿ ಶುರು ಮಾಡಿದರು. ಅವರು ತೇವದ ಗಾಳಿಯನ್ನು ತಟ್ಟನೆ ಹಿಗ್ಗಿಸಿ ತಣ್ಣಗೆ ಮಾಡುತ್ತಿದ್ದರು. ಗೆರೆಗಳ ಫೋಟೊ ಸಿಕ್ಕಿದ್ದು 1911ರಲ್ಲಿ. ನನಗೆ ಮೂರು ವಾರ ಹಿಡಿದದ್ದಕ್ಕೇ ಬೇಸರವಾಗಿತ್ತು, ಅವರದು ಹದಿನಾರು ವರ್ಷದ ತಾಳ್ಮೆ. ಆಮೇಲೆ ಪ್ಯಾಟ್ರಿಕ್ ಬ್ಲ್ಯಾಕೆಟ್ ಎಂಬ ಭೌತವಿಜ್ಞಾನಿ ಸುಮಾರು 23,000 ಫೋಟೊ ತೆಗೆದು, ನೈಟ್ರೋಜನ್ ಆಲ್ಫಾ ಕಣವನ್ನು ನುಂಗಿ ಆಮ್ಲಜನಕವಾಗುವ ಕವಲು ಗೆರೆ ಎಂಟೇ ಎಂಟು ಕಂಡರು.

ಕೊನೆಗೆ ಕಡ್ಡಿ ಹೊರಗೆ ತೆಗೆದೆವು. ದಪ್ಪ ಗೆರೆಗಳು ಹೆಚ್ಚುಕಡಿಮೆ ನಿಂತವು. ಆದರೆ ಹತ್ತು ಹದಿನೈದು ಸೆಂಟಿಮೀಟರ್ ಉದ್ದದ, ಕೂದಲೆಳೆಯಂಥ ಗೆರೆಗಳು ಆಗೊಂದು ಈಗೊಂದು ಹಾಯುತ್ತಲೇ ಇದ್ದವು. "ಇವು ಎಲ್ಲಿಂದ?" ಅಂದಳು. ತುಂಬಾ ಸಲ ಮೇಲಿನಿಂದ ಅಂದೆ, ಆಕಾಶದಿಂದ ಚಾವಣಿ ತೂರಿಕೊಂಡು. ಅವಳು ತಲೆಯೆತ್ತಿ ಚಾವಣಿ ನೋಡಿದಳು, ಮತ್ತೆ ಗಾಜಿಗೆ ಬಗ್ಗಿದಳು. ಡ್ರೈ ಐಸ್ ಮುಗಿಯುವವರೆಗೂ ಏಳಲಿಲ್ಲ.