ಮನೆಗಲ್ಲ, ಗೇಟಿಗೆ ಗುರುತು: ಕೊಡಗಿನಲ್ಲಿ ದಾರಿ ಹುಡುಕಿದ ನನ್ನ ಅನುಭವ

ಇನ್ವರ್ಟರ್ ಕೆಲಸದವರಿಗೆ ಗೊತ್ತಿರುತ್ತದೆ, ಕೊಡಗಿನಲ್ಲಿ ರಿಪೇರಿಗಿಂತ ಮನೆ ಹುಡುಕುವುದೇ ದೊಡ್ಡ ಕೆಲಸ. ತೋಟಕ್ಕೊಂದು ಮನೆ. ವಿಳಾಸ ಕೇಳಿದರೆ ಮನೆತನದ ಹೆಸರು, ಗ್ರಾಮ, ಅಂಚೆ, ಅಷ್ಟೇ. ಅದೇ ಮನೆತನದ ಏಳೆಂಟು ಮನೆ ಅದೇ ಗ್ರಾಮದಲ್ಲಿರುತ್ತವೆ. ಇನ್ವರ್ಟರ್‌ನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಆಸಿಡ್ ಸೇರಿ 55-60 ಕಿಲೋ. ತಪ್ಪು ಗೇಟಿನಲ್ಲಿ ಇಳಿಸಿದರೆ ಮತ್ತೆ ಹೊರಬೇಕಾದವರೂ ನಾವೇ.

ಮೊದಲ ಎರಡು ವರ್ಷ ಫೋನನ್ನೇ ನಂಬಿದೆ. ಕಕ್ಕಬ್ಬೆ ಕಡೆ ಒಮ್ಮೆ ಗ್ರಾಹಕರು ಕಳಿಸಿದ ಲೊಕೇಶನ್ ಸರಿಯಾಗಿಯೇ ಇತ್ತು, ಮನೆಯ ಹೆಂಚೂ ಕಾಣುತ್ತಿತ್ತು, ನಡುವೆ ಹೊಳೆ. ಸುತ್ತಿ ಬರಲು ಎಂಟೊಂಬತ್ತು ಕಿಲೋಮೀಟರ್. ತಿತಿಮತಿ ಹತ್ತಿರ ಇನ್ನೊಂದು ತೋಟದ ಹಿಂಬದಿಗೆ ಕರೆದೊಯ್ದಿತು. ಎದುರಿಗೆ ಆನೆ ಕಂದಕ. ಕೆಸರಿನಲ್ಲಿ ಪಿಕಪ್ ಹಿಂದಕ್ಕೆ ತೆಗೆಯುವಾಗ ಕ್ಲಚ್ ಪ್ಲೇಟ್ ಹೋಯಿತು. ಎಳೆಯಲು ಕರೆಸಿದ ಟ್ರ್ಯಾಕ್ಟರ್ ಬಾಡಿಗೆ ಸೇರಿ 11 ಸಾವಿರದ ಹತ್ತಿರ ಕೈ ಬಿಟ್ಟಿತು. ಆ ಮಳೆಗಾಲದಲ್ಲಿ ಸುಮ್ಮನೆ ಸುತ್ತಿದ ಡೀಸೆಲ್ಲೇ ತಿಂಗಳಿಗೆ ಮೂರು, ಮೂರೂವರೆ ಸಾವಿರ.

ಸಿಟ್ಟಿನಲ್ಲಿ ಫೋನ್ ಜೇಬಿಗೆ ಹಾಕಿ ಅಂದಾಜಿನಲ್ಲೇ ಹೋಗತೊಡಗಿದೆ. ಹಳೆಯ ಮನೆಗಳಿಗೆ ಇದು ಚೆನ್ನಾಗಿ ನಡೆಯುತ್ತದೆ. ಐನ್‌ಮನೆಗಳೆಲ್ಲ, ಅಂದರೆ ಕೊಡವ ಮನೆತನಗಳ ಮೂಲ ಮನೆಗಳು, ಗದ್ದೆ ನೋಡಿಕೊಂಡೇ ಇರುವುದು ಹೆಚ್ಚು. ಇಳಿಜಾರು ಹಿಡಿದು ಗದ್ದೆ ಬಯಲಿಗೆ ಇಳಿದು, ಅಂಚಿನಲ್ಲಿ ನಡೆದರೆ ಮನೆಗೆ ಹೋಗುವ ಓಣಿ ಸಿಕ್ಕೇ ಸಿಗುತ್ತದೆ. ಆದರೆ ಈಗಿನ ಹೋಂಸ್ಟೇಗಳು ನೋಟಕ್ಕೋಸ್ಕರ ಗುಡ್ಡದ ನೆತ್ತಿಯಲ್ಲಿವೆ, ಅಲ್ಲಿ ಈ ಲೆಕ್ಕ ಉಲ್ಟಾ. ಕರೆಂಟ್ ಕಂಬದ ತಂತಿ ಹಿಡಿದು ಹೋಗುವುದನ್ನೂ ಮಾಡಿ ನೋಡಿದೆ. ಮೂರು ಸಲ ಕೆರೆ ದಂಡೆಯ ಪಂಪ್‌ಸೆಟ್ ಮನೆಗೆ ಹೋಗಿ ನಿಂತೆ. ಎರಡು ತಂತಿ ಇದ್ದರೆ ಮನೆ, ನಾಲ್ಕೈದು ಇದ್ದರೆ ಹೆಚ್ಚಾಗಿ ಪಂಪೋ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ರೋ. ಆಮೇಲೆ ಕಂಬ ನೋಡಿಯೇ ತಿರುಗುತ್ತಿದ್ದೆ.

ಅಂದಾಜನ್ನೂ ಪೂರ್ತಿ ನಂಬಲಾಗದು ಅಂತ ಗೊತ್ತಾಗಿದ್ದು 2018ರ ಆಗಸ್ಟ್ ನಂತರ. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು ಕಡೆ ಗುಡ್ಡವೇ ಜಾರಿತ್ತು. ನಲವತ್ತು ವರ್ಷ ಅಲ್ಲೇ ನಡೆದಾಡಿದವರೂ ತಿರುವಿನಲ್ಲಿ ನಿಂತು ಯೋಚಿಸುವುದನ್ನು ನೋಡಿದೆ. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ.

ಕೊನೆಗೆ ಎರಡನ್ನೂ ಸೇರಿಸಿದೆ. ಡಿಸೆಂಬರ್‌ನಿಂದ ಮೇವರೆಗೆ, ಕೆಲಸ ಕಡಿಮೆ ಇರುವ ದಿನಗಳಲ್ಲಿ, ಒಂದೊಂದು ಗ್ರಾಮ ನಡೆದೇ ಮುಗಿಸುವುದು. ಫೋನ್ ನಕ್ಷೆಯಲ್ಲಿ ಮನೆಗೆ ಗುರುತು ಹಾಕುವುದಿಲ್ಲ. ರಸ್ತೆಯ ಗೇಟಿಗೊಂದು, ಮಳೆಯಲ್ಲಿ ಪಿಕಪ್ ಹೋಗುವ ಕೊನೆ ಜಾಗಕ್ಕೊಂದು. ಜೊತೆಗೆ ಮನೆಯವರನ್ನು ಊರಿನಲ್ಲಿ ಏನಂತ ಕರೆಯುತ್ತಾರೋ ಆ ಹೆಸರು. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡರೆ ಸಾಕು. ಮರದ ನೆರಳು ದಟ್ಟವಾಗಿದ್ದರೆ ಗುರುತು 20-30 ಮೀಟರ್ ಆಚೀಚೆ ಓಡುತ್ತದೆ, ಎರಡು ಮೂರು ನಿಮಿಷ ನಿಂತು ಹಾಕಬೇಕು. ಗೇಟಿನ ಬಣ್ಣ ಬರೆದುಕೊಳ್ಳಬೇಡಿ, ಮುಂದಿನ ವರ್ಷ ಬೇರೆ ಪೇಂಟ್ ಇರುತ್ತದೆ. ಸಿಲ್ವರ್ ಓಕ್ ಮರವನ್ನಂತೂ ಗುರುತು ಮಾಡಲೇಬೇಡಿ, ಕಡಿದು ಮಾರುತ್ತಾರೆ. ಮೋರಿ, ಬಸ್ ಶೆಲ್ಟರ್, ಟ್ರಾನ್ಸ್‌ಫಾರ್ಮರ್ ನಿಲ್ಲುತ್ತವೆ.

ಗ್ರಾಹಕರಿಂದ ಪ್ಲಸ್ ಕೋಡ್ (ಗೂಗಲ್ ನಕ್ಷೆ ಒಂದೊಂದು ಜಾಗಕ್ಕೂ ತೋರಿಸುವ ಅಕ್ಷರ-ಅಂಕಿಗಳ ಗುರುತು) ಓದಿಸಿ ಬರೆದುಕೊಳ್ಳುವುದನ್ನೂ ಒಂದು ತಿಂಗಳು ಮಾಡಿದೆ. ವಯಸ್ಸಾದವರಿಗೆ ಕಷ್ಟ, ಒಂದಕ್ಷರ ತಪ್ಪಿದರೂ ಬೇರೆ ತೋಟ. ಬಿಟ್ಟೆ.

"ಫೋನ್ ಕೈಯಲ್ಲಿರುವಾಗ ಕಾಲು ಯಾಕೆ ಸವೆಸ್ತೀಯ ಮಾರಾಯ" ಅಂತ ಜೊತೆಯವರು ಕೇಳುತ್ತಲೇ ಇದ್ದರು. ಕಳೆದ ಜುಲೈಯಲ್ಲಿ ನಾಲ್ಕು ದಿನ ಕರೆಂಟಿಲ್ಲ, ಟವರ್ ಇಲ್ಲ. ಮೂರ್ನಾಡು-ನಾಪೋಕ್ಲು ರಸ್ತೆಗೆ ಬೊಳಿಬಾಣೆಯಲ್ಲಿ ನೀರು ಬಂದಿತ್ತು. ಸುತ್ತು ದಾರಿ ನಡೆದಿದ್ದರಿಂದಲೇ ಗೊತ್ತಿತ್ತು. ಆ ನಾಲ್ಕು ದಿನದಲ್ಲಿ 30 ಮನೆಗಿಂತ ಜಾಸ್ತಿ ಮುಗಿಸಿದೆ, ಒಂದೇ ಒಂದು ಗೇಟ್ ತಪ್ಪಿತು. ಜೊತೆಯವರು ದಿನಕ್ಕೆ ಎರಡು ಮೂರು ಮನೆ ಮಾಡಿದರೆ ಹೆಚ್ಚು. ಸಂಜೆ ಅವರೇ ಫೋನ್ ತಂದು "ಅಣ್ಣ, ಆ ಕಡೆಯದ್ದು ಸ್ವಲ್ಪ ಹಾಕಿಕೊಡಿ" ಅಂದರು. ಹೊದ್ದೂರು ಕಡೆಯದ್ದು ಹಾಕಿಕೊಟ್ಟೆ.

ಈಗ ನನ್ನ ಬಳಿ 350ರ ಹತ್ತಿರ ಗೇಟುಗಳಿವೆ. ಪಟ್ಟಿ ಕೊಡು, ದುಡ್ಡು ಕೊಡುತ್ತೇನೆ ಅಂತ ಒಬ್ಬರು ಕೇಳಿದರು, ಕೊಡಲಿಲ್ಲ. ಹೊಸ ಗ್ರಾಮಕ್ಕೆ ಹೋದ ದಿನ ಮೊದಲು ಯಾರನ್ನು ಮಾತಾಡಿಸುತ್ತೇನೆ, ಏನು ಕೇಳುತ್ತೇನೆ ಅನ್ನುವುದನ್ನೂ ಇಲ್ಲಿ ಬರೆಯುವುದಿಲ್ಲ. ಅದರಲ್ಲೇ ಅರ್ಧ ದಿನದ ನಡಿಗೆ ಉಳಿಯುತ್ತದೆ, ಅದು ನನ್ನ ಅನ್ನ. ಶ್ರೀಮಂಗಲ, ಕುಟ್ಟದ ಕಡೆ ಇನ್ನೂ ನಡೆದಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಹೊರಡಬೇಕು.