ಪಟ್ಟೆ ಬಿಟ್ಟು ಚಂದಿರರ ಹಿಂದೆ

ಬಹಳ ದಿನ ನಾನು ಗುರುಗ್ರಹದ ಪಟ್ಟೆಗಳಿಗಾಗಿ ಒದ್ದಾಡಿದೆ. ಕೈಯಲ್ಲಿದ್ದದ್ದು ಹಳೆಯ ಡಿಎಸ್‌ಎಲ್‌ಆರ್, 300 ಎಂಎಂ ಲೆನ್ಸ್, ಒಂದು ಟ್ರೈಪಾಡ್. ಪ್ರತಿ ಸಲ ಬರುತ್ತಿದ್ದದ್ದು ಬಿಳಿ ಬೊಟ್ಟು. ಕೊನೆಗೆ ಕೂತು ಲೆಕ್ಕ ಹಾಕಿದೆ. 2024ರ ಡಿಸೆಂಬರ್ 7ರಂದು ಗುರು ವಿಯುತಿಗೆ, ಅಂದರೆ ಆಕಾಶದಲ್ಲಿ ಸೂರ್ಯನಿಗೆ ನೇರ ಎದುರು, ಬಂದಾಗ ನಮ್ಮಿಂದ ಸುಮಾರು 61 ಕೋಟಿ ಕಿ.ಮೀ. ದೂರವಿತ್ತು; ಬಿಂಬದ ಅಗಲ 48 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್). ನನ್ನ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ಲಿಗೆ ಸಿಗುವುದು ಸುಮಾರು 2.7 ಆರ್ಕ್‌ಸೆಕೆಂಡ್. ಅಂದರೆ ಇಡೀ ಗುರುವಿಗೆ ಬರೀ 18 ಪಿಕ್ಸೆಲ್! ಅದರಲ್ಲಿ ಪಟ್ಟೆ ಹುಡುಕಿ ಫಲವಿಲ್ಲ. ಆದರೆ ಅದೇ ಲೆಕ್ಕದಲ್ಲಿ ಗುರುವಿನ ನಾಲ್ಕು ದೊಡ್ಡ ಚಂದಿರರಲ್ಲಿ ತೀರಾ ಒಳಗಿನ ಅಯೋ ಗುರುವಿನಿಂದ 50 ಪಿಕ್ಸೆಲ್ ಆಚೆಗೂ, ತೀರಾ ಹೊರಗಿನ ಕ್ಯಾಲಿಸ್ಟೋ 230ರವರೆಗೂ ಸರಿಯುತ್ತವೆ. ನನ್ನ ಲೆನ್ಸಿಗೆ ದಕ್ಕುವುದು ಇವೇ ಎಂದು ಆಗ ಹೊಳೆಯಿತು.

ಚಂದಿರರು ಬೇಕೆಂದರೆ ಗುರುವನ್ನು ಬಿಟ್ಟುಕೊಡಬೇಕು. ಲೆನ್ಸಿನ ಕಂಡಿ ಎಫ್ 5.6, ಬೆಳಕಿಗೆ ಸೂಕ್ಷ್ಮತೆ ಐಎಸ್‌ಒ 1600, ಬೆಳಕು ಬೀಳುವ ಹೊತ್ತು ಕಾಲು ಸೆಕೆಂಡ್: ಗುರು ಪೂರ್ತಿ ಬೆಳ್ಳಗಾಗುತ್ತದೆ, ಪಕ್ಕದಲ್ಲಿ ನಾಲ್ಕೂ ಚುಕ್ಕೆಗಳು ಮೂಡುತ್ತವೆ. ಕಾಲು ಸೆಕೆಂಡಿಗಿಂತ ಹೆಚ್ಚು ಬೇಡ. ಭೂಮಿ ತಿರುಗುವುದರಿಂದ ಒಂದೇ ಸೆಕೆಂಡಿನಲ್ಲಿ ಚುಕ್ಕೆ ಐದಾರು ಪಿಕ್ಸೆಲ್ ಉದ್ದದ ಗೀರಾಗಿಬಿಡುತ್ತದೆ. ಆಟೋಫೋಕಸ್ ಆರಿಸಿ, ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂಬದಿ ಪರದೆಯಲ್ಲಿ) ಹತ್ತು ಪಟ್ಟು ಹಿಗ್ಗಿಸಿ, ಹತ್ತಿರದಲ್ಲೇ ಇದ್ದ ರೋಹಿಣಿಯ ಮೇಲೆ ಫೋಕಸ್ ಮಾಡಿದೆ. ನಕ್ಷತ್ರ ಎಷ್ಟು ಸಣ್ಣಗಾಗುತ್ತದೋ ಅಷ್ಟು ಒಳ್ಳೆಯದು. ಬೆರಳಿನ ಒತ್ತಡಕ್ಕೆ ಕ್ಯಾಮೆರಾ ಅಲುಗದಂತೆ ಎರಡು ಸೆಕೆಂಡಿನ ಟೈಮರ್ ಇಟ್ಟೆ. ಮಧ್ಯರಾತ್ರಿಯ ಹೊತ್ತಿಗೆ ಗುರು ನಡುನೆತ್ತಿಗೆ ಬರುತ್ತಿತ್ತು, ಟ್ರೈಪಾಡಿನ ಕತ್ತು ಅಷ್ಟು ಮೇಲಕ್ಕೆ ಬಾಗುತ್ತಿರಲಿಲ್ಲ. ಹಾಗಾಗಿ ಹನ್ನೊಂದೂವರೆಯೊಳಗೆ ಮುಗಿಸುತ್ತಿದ್ದೆ.

ಒಂದು ರಾತ್ರಿ ಒಂಬತ್ತೂಕಾಲಿಗೆ ಒಂದು ಚಿತ್ರ, ಹನ್ನೊಂದೂಕಾಲಿಗೆ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಯೋ ಸುಮಾರು 15 ಪಿಕ್ಸೆಲ್ ಜರುಗಿತ್ತು. ಸೆಕೆಂಡಿಗೆ 17 ಕಿ.ಮೀ. ವೇಗದ ಚಂದಿರ, ನಮ್ಮ ಮನೆ ತಾರಸಿಯಿಂದ, ಎರಡೇ ಗಂಟೆಯಲ್ಲಿ! ಮೈ ಜುಂ ಎಂದಿತು. 1610ರ ಜನವರಿ 7ರಂದು ಗೆಲಿಲಿಯೋಗೆ ಮೊದಲು ಕಂಡದ್ದು ಮೂರೇ ಚುಕ್ಕೆ. ಅವು ರಾತ್ರಿಯಿಂದ ರಾತ್ರಿಗೆ ಜಾಗ ಬದಲಿಸಿದ್ದೇ ಅವನನ್ನು ಹಿಡಿದು ನಿಲ್ಲಿಸಿತು. ಅವನ ಆ ಸಂಭ್ರಮ ಎಂಥದ್ದೆಂದು ಆ ರಾತ್ರಿ ಗೊತ್ತಾಯಿತು.

ಕ್ಯಾಲಿಸ್ಟೋ ಒಂದು ಸುತ್ತಿಗೆ 16.7 ದಿನ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ನನಗೆ ಮೋಡವಿಲ್ಲದ ಹನ್ನೊಂದು ರಾತ್ರಿ ಸಿಕ್ಕವು. ಚಿತ್ರಗಳನ್ನು ಒಂದರ ಕೆಳಗೊಂದು ಜೋಡಿಸಿದೆ, ಸಿಗದ ರಾತ್ರಿಗಳಿಗೆ ಕಪ್ಪು ಪಟ್ಟಿ ಬಿಟ್ಟೆ. ಮೇಲಿಂದ ಕೆಳಗೆ ಕಣ್ಣಾಡಿಸಿದರೆ ಕ್ಯಾಲಿಸ್ಟೋದ ಚುಕ್ಕೆಗಳು ಸೇರಿ ಒಂದು ಪೂರ್ತಿ ಅಲೆ.